‘ಚಾಲನಾ ಅಭ್ಯಾಸ’, ‘ಮೌಲ್ಯಮಾಪನ’: ಬೇರೆ ಪದ ಇದೆಯಾ?

ಗೆಳೆಯರೇ, ನಮಸ್ಕಾರ.

ಕೆಲಸದ ಮೇಲೆ ಗಾಡಿ ಓಡಿಸುವ ನೌಕರರಿಗಾಗಿ ಕಂಪನಿಗಳು ಸುರಕ್ಷತಾ ಕಾರ್ಯಕ್ರಮ ನಡೆಸುತ್ತವೆ. ತರಬೇತಿ, ಗುಂಪುಚರ್ಚೆ, ಅಪಘಾತ ಮಾಡದವರಿಗೆ ಬೋನಸ್, ಹೀಗೆ. ಇವುಗಳಿಂದ ನಿಜಕ್ಕೂ ಉಪಯೋಗ ಆಗಿದೆಯಾ ಎಂದು ತಿಳಿಯಲು ಒಂದು ಪ್ರಶ್ನಾವಳಿ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ತೊಡಕು ಶುರುವಾಗಿದೆ.

‘ಸುರಕ್ಷಿತ ಚಾಲನಾ ಅಭ್ಯಾಸ ಕಾರ್ಯಕ್ರಮದ ಮೌಲ್ಯಮಾಪನ’ ಅಂದರೆ ಕಡತಕ್ಕೇನೋ ಚೆನ್ನಾಗಿದೆ. ಆದರೆ ಅಭ್ಯಾಸ ಎಂದರೆ ರೂಢಿಯೂ ಹೌದು, ಕಲಿಕೆಯೂ ಹೌದು. ವಿದ್ಯಾಭ್ಯಾಸ, ಸಂಗೀತಾಭ್ಯಾಸ ಎನ್ನುತ್ತೇವಲ್ಲ. ಮೌಲ್ಯಮಾಪನ ಎಂದರೆ ಮೊದಲು ಕಣ್ಮುಂದೆ ಬರುವುದು ಉತ್ತರಪತ್ರಿಕೆಗಳ ಕಟ್ಟು. ಎರಡೂ ಒಟ್ಟಿಗೆ ಬಂದರೆ, ವರ್ಷಗಟ್ಟಲೆ ಗಾಡಿ ಓಡಿಸಿದವರಿಗೂ ‘ಓಹೋ, ನನಗೇ ಪರೀಕ್ಷೆ’ ಅನಿಸುತ್ತದೆ. ಪರೀಕ್ಷೆ ನಡೆಯಬೇಕಾದದ್ದು ಕಾರ್ಯಕ್ರಮಕ್ಕೆ ಅಲ್ವಾ?

ಇದು ಸುಮ್ನೆ ಪದದ ಚಪಲವಲ್ಲ. ಪರೀಕ್ಷೆ ಅನಿಸಿತೋ, ಸಣ್ಣಪುಟ್ಟ ಗುದ್ದು, ಗೀರುಗಳನ್ನು ಯಾರೂ ಬರೆಯುವುದಿಲ್ಲ. ಬೋನಸ್ ಬೇರೆ ಇದ್ದರಂತೂ ಮುಗಿದೇ ಹೋಯಿತು. ಕಾಗದದ ಮೇಲೆ ಅಪಘಾತ ಇಳಿಯುತ್ತದೆ, ರಸ್ತೆಯಲ್ಲಿ ಇದ್ದಷ್ಟೇ ಇರುತ್ತದೆ.

ಅಭ್ಯಾಸದ ಬದಲು ನನ್ನ ಒಲವು ‘ರೂಢಿ’ಯ ಕಡೆಗೆ. ‘ಚಾಳಿ’ ಬೈದಂತೆ ಕೇಳಿಸುತ್ತದೆ. ‘ವರ್ತನೆ’ ಸಾಲದು, ಒಂದು ಸಲ ಮಾಡಿದ್ದೂ ವರ್ತನೆಯೇ. ತರಬೇತಿ ಮುಗಿದ ವಾರ ಎಲ್ಲರೂ ನಿಧಾನವಾಗಿಯೇ ಓಡಿಸುತ್ತಾರೆ. ಆರು ತಿಂಗಳಾದ ಮೇಲೂ, ಯಾರೂ ನೋಡದಿದ್ದಾಗಲೂ ಹಾಗೇ ಓಡಿಸಿದರೆ ಅದು ರೂಢಿ. ಕಾರ್ಯಕ್ರಮ ಗೆದ್ದಿತೋ ಇಲ್ಲವೋ ಎನ್ನುವುದು ಈ ವ್ಯತ್ಯಾಸದ ಮೇಲೇ ನಿಂತಿದೆ.

ಮೌಲ್ಯಮಾಪನದ ಜಾಗಕ್ಕೆ ಏನು? ‘ಫಲಿತಾಂಶ’ ಎಂದರೆ ಮತ್ತೆ ಪರೀಕ್ಷೆಯ ಮನೆಗೇ ಹೋದೆವು. ‘ಪರಿಣಾಮ’ ಅರ್ಥದಲ್ಲಿ ಸರಿ, ಆದರೆ ‘ಪರಿಣಾಮ ನೆಟ್ಟಗಿರಲ್ಲ’ ಎಂಬ ಬೆದರಿಕೆ ಕೇಳಿ ಬೆಳೆದವರು ನಾವು. ಸದ್ಯಕ್ಕೆ ‘ಈ ಕಾರ್ಯಕ್ರಮದಿಂದ ಉಪಯೋಗ ಆಯಿತೇ?’ ಎಂದು ಪ್ರಶ್ನೆಯನ್ನೇ ತಲೆಬರಹ ಮಾಡಿದ್ದೇನೆ. ವರದಿಯ ಹೆಸರಿಗೆ ಅದು ಒಗ್ಗುವುದಿಲ್ಲ.

ಇನ್ನೊಂದು ಪದ ಇದಕ್ಕಿಂತ ಜಾಸ್ತಿ ಕಾಡುತ್ತಿದೆ, ‘ನಿಯಂತ್ರಣ ಗುಂಪು’. ಅಂಥ ಗುಂಪು ಯಾಕೆ ಬೇಕು ಎನ್ನುವುದನ್ನು ಮೊದಲು ಹೇಳುತ್ತೇನೆ. ಅಪಘಾತ ವಿಪರೀತವಾದ ವರ್ಷದ ಬೆನ್ನಿಗೇ ಇಂಥ ಕಾರ್ಯಕ್ರಮ ಶುರುವಾಗುವುದು ಹೆಚ್ಚು. ಏನೂ ಮಾಡದಿದ್ದರೂ ಮುಂದಿನ ವರ್ಷ ಸಂಖ್ಯೆ ಎಂದಿನ ಮಟ್ಟದ ಕಡೆಗೆ ಇಳಿಯುವ ಸಾಧ್ಯತೆಯೇ ದೊಡ್ಡದು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದು ಇದನ್ನೇ: ತುಂಬಾ ಎತ್ತರದ ತಂದೆತಾಯಿಯ ಮಕ್ಕಳ ಎತ್ತರ ಸಾಮಾನ್ಯವಾಗಿ ಸರಾಸರಿಯ ಕಡೆಗೆ ಇಳಿಯುತ್ತದೆ. ಹಾಗಾಗಿ ಕಾರ್ಯಕ್ರಮ ಕೊಡದ ಒಂದು ಗುಂಪನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸ್ವೀಡನ್ನಿನ ದೂರಸಂಪರ್ಕ ಕಂಪನಿಯೊಂದರಲ್ಲಿ ಹೀಗೇ ಮಾಡಿದ್ದರು. ತರಬೇತಿ, ಗುಂಪುಚರ್ಚೆ, ಪ್ರಚಾರ, ಬೋನಸ್ ಒಂದೊಂದನ್ನೂ ಬೇರೆಬೇರೆ ಗುಂಪಿಗೆ ಕೊಟ್ಟು, ಒಂದು ಗುಂಪಿಗೆ ಏನೂ ಕೊಡದೆ ಬಿಟ್ಟರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಗುಂಪುಚರ್ಚೆ.

ಆ ‘ಏನೂ ಕೊಡದ’ ಗುಂಪಿಗೇ ‘ನಿಯಂತ್ರಣ ಗುಂಪು’ ಎಂಬ ಪದ ಬಳಕೆಯಲ್ಲಿರುವುದು. ಬೇರೆ ವಿಷಯಕ್ಕೆ ನಡೆದೀತು. ಗಾಡಿಯ ವಿಷಯದಲ್ಲಿ ನಿಯಂತ್ರಣ ಎಂದರೆ ಸ್ಟೇರಿಂಗ್ ಮೇಲಿನ ಹಿಡಿತ, ‘ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ’ ಎಂದು ಪತ್ರಿಕೆಯಲ್ಲಿ ಓದುವ ನಿಯಂತ್ರಣ. ಆ ಗುಂಪಿನವರು ಮಾತ್ರ ಗಾಡಿಯನ್ನು ಹತೋಟಿಯಲ್ಲಿಟ್ಟವರು ಎಂಬ ಅರ್ಥ ಬಂದುಬಿಡುತ್ತದೆ! ‘ಹೋಲಿಕೆ ಗುಂಪು’ ಎಂದು ಬರೆಯೋಣ ಎಂದುಕೊಂಡಿದ್ದೇನೆ. ಸಂಖ್ಯಾಶಾಸ್ತ್ರ ಕಲಿಸುವವರು ಇದನ್ನು ಒಪ್ಪುತ್ತೀರಾ? ಇಲ್ಲವಾದರೆ ತರಗತಿಯಲ್ಲಿ ನೀವು ಬಳಸುವ ಪದ ಯಾವುದು?