ನಾಯಿ ಕಚ್ಚಿದ ಹೇಂಟೆ, ಬೆಳಗಾಗುವವರೆಗೆ ಏನು ಮಾಡಲಿ?

ಹಿತ್ತಲಬೇಲಿ:
ಈಗ ತಾನೇ ಪಕ್ಕದ ಮನೆ ನಾಯಿ ಬೇಲಿ ನುಸುಳಿ ಬಂದು ನಮ್ಮ ಹೇಂಟೆಯನ್ನು ಕಚ್ಚಿಕೊಂಡು ಕೊಡವಿಬಿಟ್ಟಿದೆ. ಕೂಗಾಡಿದ ಮೇಲೆ ಬಿಟ್ಟು ಓಡಿತು. ಬಾಲದ ಹತ್ತಿರ ಅಂಗೈ ಅಗಲ ಪುಕ್ಕ ಕಿತ್ತುಹೋಗಿ ಚರ್ಮ ಸೀಳಿದೆ, ರೆಕ್ಕೆ ಕೆಳಗೆ ಎರಡು ಸಣ್ಣ ತೂತು ಇವೆ. ರಕ್ತ ಜಾಸ್ತಿ ಇಲ್ಲ. ಆದರೆ ಕಣ್ಣು ಮುಚ್ಚಿಕೊಂಡು ತೂಕಡಿಸುತ್ತಾ ಕೂತಿದೆ, ಕಾಳು ಮುಟ್ಟುತ್ತಿಲ್ಲ. ಪಶುವೈದ್ಯರು ಬೆಳಿಗ್ಗೆಯೇ ಸಿಗುವುದು. ಗಾಯ ಈಗಲೇ ತೊಳೆಯಬೇಕಾ? ಬಾಯಿಗೆ ಸ್ವಲ್ಪ ನೀರು ಹಾಕಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಕೊಕ್ಕೊಕ್ಕೋ:
ಬಾಯಿಗೆ ನೀರು ಸುರಿಯಬೇಡಿ. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ಸುರಿದ ನೀರು ನೇರ ಅಲ್ಲಿಗೇ ಹೋಗಬಹುದು. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ, ಬೇಕಿದ್ದರೆ ತಾನೇ ಕುಡಿಯುತ್ತದೆ. ಈಗ ಅದಕ್ಕೆ ಗಾಯಕ್ಕಿಂತ ಆಘಾತವೇ ದೊಡ್ಡ ಅಪಾಯ. ಕೋಳಿಯ ಮೈ ಬಿಸಿ 41 ಡಿಗ್ರಿಗೂ ಮೇಲಿರುತ್ತದೆ, ಆಘಾತವಾದಾಗ ಅದು ಇಳಿಯುತ್ತಾ ಹೋಗುತ್ತದೆ. ರಟ್ಟಿನ ಪೆಟ್ಟಿಗೆಗೆ ಹಳೆ ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಅದು ಇನ್ನೊಂದು ಬದಿಗೆ ಸರಿಯಲಿ. ಕತ್ತಲು, ಮೌನ, ಸಾಕು. ಪಾಪ ಅಂತ ಎಲ್ಲರೂ ಬಂದು ಬಗ್ಗಿ ಬಗ್ಗಿ ನೋಡುವುದೂ ಬೇಡ!

ಪುಕ್ಕಪುರಾಣ:
ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ತೂತುಗಳಿಗೆ ಸುರಿಯಿರಿ, ನೊರೆ ಬಂದು ಕೊಳೆಯೆಲ್ಲ ಹೋಗುತ್ತೆ.

ಹಳೇಗೂಡು:
ದಯವಿಟ್ಟು ಸುರಿಯಬೇಡಿ. ಪೆರಾಕ್ಸೈಡ್ ಮಾಯುವ ಮಾಂಸವನ್ನೂ ಸುಡುತ್ತದೆ. ಇನ್ನೊಂದು ಕಾರಣವೂ ಇದೆ. ಕೋಳಿಯ ಮೈಯೊಳಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ, ರೆಕ್ಕೆಬುಡದ ಮೂಳೆಯೊಳಗೂ ಗಾಳಿ ಹೋಗುತ್ತದೆ. ಹಲ್ಲು ಅಷ್ಟು ಆಳಕ್ಕೆ ಇಳಿದಿದ್ದರೆ, ನೀವು ತೂತಿಗೆ ಒತ್ತಿ ಬಿಟ್ಟ ಯಾವ ನೀರಾದರೂ ಉಸಿರಿನ ದಾರಿಗೇ ಸೇರಬಹುದು. ತೂತಿನ ಸುತ್ತ ಮೆಲ್ಲಗೆ ಬೆರಳಾಡಿಸಿ. ಚರ್ಮದ ಕೆಳಗೆ ಚರಚರ ಅಂದರೆ, ಇಲ್ಲವೇ ಬಲೂನಿನ ಹಾಗೆ ಉಬ್ಬಿದ್ದರೆ ಒಳಗೆ ಗಾಳಿ ಸೋರುತ್ತಿದೆ ಅಂತ ಅರ್ಥ. ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಬೆನ್ನಿನ ಸೀಳು ನೋಡಲು ಭಯಾನಕ, ಆದರೆ ನನಗೆ ಭಯ ಆ ಎರಡು ತೂತುಗಳದ್ದೇ. ನಾಯಿ ಕೊಡವಿದಾಗ ಮೇಲೆ ಚುಕ್ಕೆಯಷ್ಟು ಕಂಡರೂ ಒಳಗೆ ಮಾಂಸ ಜಜ್ಜಿರುತ್ತದೆ, ನಾಯಿ ಬಾಯಿಯ ಬ್ಯಾಕ್ಟೀರಿಯಾ ಅಲ್ಲೇ ಕೂತು ಕೀವಾಗುತ್ತದೆ. ಹಾಗಾಗಿ ಬೆಳಿಗ್ಗೆ ಚುರುಕಾಗಿ ಕಂಡರೂ ಆಂಟಿಬಯಾಟಿಕ್ ಬೇಕಾ ಅಂತ ಕೇಳದೆ ಬಿಡಬೇಡಿ. ರಾತ್ರಿ ಕಣ್ಣು ಬಿಟ್ಟು ಸ್ವಲ್ಪ ಚೇತರಿಸಿಕೊಂಡರೆ ಸೀಳನ್ನು ಮಾತ್ರ ತೊಳೆಯಿರಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಉಗುರುಬೆಚ್ಚಗೆ. ಅಂಚಿನ ಪುಕ್ಕ ಕತ್ತರಿಸಿ, ಕೀಳಬೇಡಿ, ಕಿತ್ತರೆ ಚರ್ಮ ಇನ್ನಷ್ಟು ಹರಿಯುತ್ತದೆ. ರಕ್ತ ಜಿನುಗಿದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಮನುಷ್ಯರ ನೋವು ನಿವಾರಕ ಮುಲಾಮು, ಮಾತ್ರೆ ಯಾವುದೂ ಬೇಡ. ಮತ್ತೆ ನೊಣ! ಹಗಲು ಹೊರಗೆ ಬಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು.

ಹಿತ್ತಲಬೇಲಿ:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕಳೆಯಿತು, ವೈದ್ಯರು ನೋಡಿ ಇಂಜೆಕ್ಷನ್ ಕೊಟ್ಟರು, ಗಾಳಿ ಸೋರಿಲ್ಲವಂತೆ. ಈಗ ಸ್ವಲ್ಪ ಕಾಳು ತಿನ್ನುತ್ತಿದೆ. ಆದರೆ ಗಾಯದ ಸುತ್ತ ಚರ್ಮ ಹಸಿರು ಬಣ್ಣಕ್ಕೆ ತಿರುಗಿದೆ! ಕೊಳೆಯುತ್ತಿದೆಯಾ?

ಹಳೇಗೂಡು:
ಬರೀ ಹಸಿರಾದರೆ ಗಾಬರಿ ಬೇಡ. ಕೋಳಿಗೆ ಏಟು ಬಿದ್ದ ಜಾಗ ಹಸಿರಾಗುವುದೇ ವಾಡಿಕೆ. ಹೆಪ್ಪುಗಟ್ಟಿದ ರಕ್ತ ಒಡೆಯುವಾಗ ಬಿಲಿವರ್ಡಿನ್ ಅನ್ನೋ ಹಸಿರು ಬಣ್ಣ ಬರುತ್ತದೆ. ನಮ್ಮ ಮೈಯಲ್ಲಿ ಅದು ಮುಂದೆ ಹಳದಿಯಾಗುತ್ತದೆ, ಕೋಳಿಯಲ್ಲಿ ಹಸಿರಲ್ಲೇ ನಿಲ್ಲುತ್ತದೆ. ಇದನ್ನು ನೋಡಿ ಹೆದರಿ ಚೆನ್ನಾಗಿದ್ದ ಕೋಳಿಯನ್ನೇ ಕೊಂದವರಿದ್ದಾರೆ. ಮೂಗಿಗೆ ಕೆಲಸ ಕೊಡಿ: ಕೆಟ್ಟ ವಾಸನೆ, ಕೀವು, ಊತ ಹೆಚ್ಚುವುದು, ಮತ್ತೆ ಮಂಕಾಗುವುದು, ಇವು ಕಂಡರೆ ತಕ್ಷಣ ವೈದ್ಯರ ಹತ್ತಿರ ಹೋಗಿ. ಹಿಕ್ಕೆ ಹಸಿರಾಗಿದ್ದರೆ ಸಾಮಾನ್ಯವಾಗಿ ಹೊಟ್ಟೆಗೆ ಸಾಕಷ್ಟು ಬಿದ್ದಿಲ್ಲ ಅಂತ.

ಕೊಕ್ಕೊಕ್ಕೋ:
ಗುಂಪಿಗೆ ಸೇರಿಸಲು ಅವಸರ ಮಾಡಬೇಡಿ, ಕೆಂಪು ಕಂಡರೆ ಬೇರೆ ಕೋಳಿಗಳು ಅಲ್ಲೇ ಕುಕ್ಕುತ್ತವೆ. ಆದರೆ ಪೂರ್ತಿ ದೂರ ಇಟ್ಟರೂ ಕಷ್ಟ, ವಾಪಸ್ ಬಂದಾಗ ಹೊಸಬಳ ಹಾಗೆ ಜಗಳಕ್ಕೆ ಬೀಳುತ್ತವೆ. ನಡುವೆ ಜಾಲರಿ ಹಾಕಿ ಪಕ್ಕದಲ್ಲೇ ಇಡಿ. ಮೊಟ್ಟೆ ಕೆಲವು ವಾರ ನಿಲ್ಲಬಹುದು. ಇಟ್ಟರೂ ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ತಿನ್ನಬಾರದು ಅಂತ ವೈದ್ಯರನ್ನೇ ಕೇಳಿ. ಆ ನಾಯಿ ಮತ್ತೆ ಬಂದೇ ಬರುತ್ತದೆ, ಈಗಲೇ ಬೇಲಿ ಬುಡದಲ್ಲಿ ಹೊರಗಡೆಗೆ ಒಂದಡಿ ಅಗಲ ಜಾಲರಿ ನೆಲಕ್ಕೆ ಹಾಸಿ ಕಲ್ಲು ಹೇರಿ.