ಟೌನ್‌ಲ್ಯಾಂಡ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಬೆಂಗಳೂರಿನಿಂದ:
ನಮಸ್ಕಾರ. ಐರ್ಲೆಂಡಿನ ರಾಸ್‌ಕಾಮನ್ ಕೌಂಟಿಯ ಬ್ಯಾಲಿಕಿಲ್‌ಕ್ಲೈನ್ ಬಗ್ಗೆ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಅದೊಂದು 'ಟೌನ್‌ಲ್ಯಾಂಡ್'. ಪಟ್ಟಣವೂ ಅಲ್ಲ, ಹಳ್ಳಿಯೂ ಅಲ್ಲ. ಸುಮಾರು 600 ಎಕರೆ ನೆಲ, ಅದಕ್ಕೊಂದು ಹೆಸರು, ಅಷ್ಟೇ. ಇಡೀ ಐರ್ಲೆಂಡ್ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಗಡಿ ಅಂದರೆ ಎಲ್ಲೋ ತೊರೆ, ಎಲ್ಲೋ ಬೇಲಿಸಾಲು. 1834ರಲ್ಲಿ ಮ್ಯಾಹನ್ ಮನೆತನದ ಗುತ್ತಿಗೆ ಮುಗಿಯಿತು, ನೆಲ ನೇರ ಬ್ರಿಟಿಷ್ ದೊರೆಯ ಕೈಗೆ ಬಂತು. ಒಕ್ಕಲುಗಳು ಗೇಣಿ ಕೊಡುವುದನ್ನೇ ನಿಲ್ಲಿಸಿದರು. ವರ್ಷಗಟ್ಟಲೆ ಕೊಡಲಿಲ್ಲ! ಕೊನೆಗೆ 1847-48ರಲ್ಲಿ, ಆಲೂಗಡ್ಡೆ ಬರದ ನಡುವೆ, ಅವರನ್ನು ಒಕ್ಕಲೆಬ್ಬಿಸಿ, ಸರ್ಕಾರವೇ ಹಡಗಿನ ದುಡ್ಡು ಕೊಟ್ಟು ನ್ಯೂಯಾರ್ಕಿಗೆ ಸಾಗಹಾಕಿತು. 'ಗ್ರಾಮ' ಎಂದು ಬರೆದರೆ ಪಂಚಾಯಿತಿ ಕಟ್ಟೆ ಕಣ್ಣಿಗೆ ಬರುತ್ತದೆ. ಬೇರೆ ಏನಿದೆ?

ಮೈಸೂರಿನಿಂದ:
ಉತ್ತರ ಆ ಹೆಸರಿನಲ್ಲೇ ಇದೆಯಲ್ಲ. ಬ್ಯಾಲಿ, ಹಳ್ಳಿ. ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಒಂದೇ ಬೇರು.

ಮಂಗಳೂರಿನಿಂದ:
ಕಾಡುಹರಟೆ. ಹಳ್ಳಿಯ ಹಳೆಯ ರೂಪ ಪಳ್ಳಿ. ಬ್ಯಾಲಿ ಬಂದದ್ದು ಐರಿಷ್‌ನ 'ಬಲ್ಯ'ದಿಂದ, ಅಂದರೆ ಜಾಗ, ನೆಲೆ. ಎಲ್ಲ ಬ್ಯಾಲಿಯೂ ಅದಲ್ಲ. ಬ್ಯಾಲಿನಾ ಊರಿನಲ್ಲಿರುವುದು 'ಬೇಲ್', ಬಾಯಿ. ಹೊಳೆ ದಾಟುವ ಜಾಗದ ಬಾಯಿ. 1824ರಲ್ಲಿ ಶುರುವಾದ ಬ್ರಿಟಿಷ್ ಭೂಮಾಪನ ಸರ್ವೆಯವರು ಎಲ್ಲವನ್ನೂ ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದರು, ಹಾಗಾಗಿ ಒಂದೇ ಥರ ಕಾಣುತ್ತವೆ. 'ಕಿಲ್' ಕೂಡ ಅಷ್ಟೇ. ಒಂದು ಕಡೆ ಚರ್ಚು, ಇನ್ನೊಂದು ಕಡೆ ಕಾಡು. ನನ್ನ ಮತ: 'ಊರ್ನೆಲ'. ಅಚ್ಚಗನ್ನಡ.

ಧಾರವಾಡದಿಂದ:
ಊರ್ನೆಲ ಯಾರ ಬಾಯಲ್ಲಿದೆ ಸರ? ನಮ್ಮಜ್ಜ ಕುಲಕರ್ಣಿಕೆ ಮಾಡಿದವರು. ಅವರ ಕಾಗದಗಳಲ್ಲಿ ಇರುವುದು 'ಮೌಜೆ', ಅಂದರೆ ಕಂದಾಯದ ಲೆಕ್ಕದ ಊರು. ಮನೆ ಇರಲಿ, ಬಿಡಲಿ, ಮೌಜೆ ಮೌಜೆಯೇ. ಜನ ಬಿಟ್ಟು ಹೋದರೆ ಅದು 'ಬೇಚರಾಕ್'. ನಮ್ಮೂರ ಪಕ್ಕ ಒಂದಿದೆ. ಒಂದು ಹುಣಸೆ ಮರ, ಹೂತುಹೋದ ಬಾವಿ, ಎಣ್ಣೆ ಕಾಣದ ಹನುಮಪ್ಪನ ಕಲ್ಲು. ಹೆಸರು ಉಳಿದಿರುವುದು ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಮಾತ್ರ. ನಿಮ್ಮ ಬ್ಯಾಲಿಕಿಲ್‌ಕ್ಲೈನಿನ ಕಥೆಯೂ ಇದೇ ಅಲ್ವಾ?

ಮಂಗಳೂರಿನಿಂದ:
ಮೌಜೆ ಅರಬಿ, ಬೇಚರಾಕ್ ಪಾರಸಿ. ಇಂಗ್ಲಿಷ್ ಬಿಟ್ಟು ಅಲ್ಲಿಗೆ ಹೋಗುವುದಾದರೆ 'ಟೌನ್‌ಲ್ಯಾಂಡ್' ಅಂತಲೇ ಇಡಿ.

ಧಾರವಾಡದಿಂದ:
ಬೇ-ಚಿರಾಗ್, ದೀಪ ಇಲ್ಲದ್ದು. ಇದಕ್ಕೆ ಸಾಟಿಯಾದ ಅಚ್ಚಗನ್ನಡ ಇದ್ದರೆ ಕೊಡಿ, ನಾಳೆಯಿಂದ ಅದನ್ನೇ ಬಳಸುತ್ತೇನೆ. ಅಂದಹಾಗೆ, ಮೇಲೆ ನೀವು ಬರೆದ 'ಮತ' ಯಾವ ಊರಿನದು?

ಬೆಂಗಳೂರಿನಿಂದ:
ಜಗಳ ಆಮೇಲೆ ಆಡಿ. ಮೊದಲ ಸಲ 'ಟೌನ್‌ಲ್ಯಾಂಡ್ ಎಂಬ ಮೌಜೆ', ಮುಂದಕ್ಕೆ ಬರೀ ಮೌಜೆ. 1848ರ ಭಾಗದ ತಲೆಬರಹ 'ಬೇಚರಾಕ್'. ಕಳಿಸಿಬಿಟ್ಟೆ.

ಮೈಸೂರಿನಿಂದ:
ಪಕಾರ ಬಕಾರ ಆಗಲ್ಲ ಅಂತ ಯಾರು ಹೇಳಿದ್ದು? ನಾಳೆ ವಿವರವಾಗಿ ಬರೆಯುತ್ತೇನೆ.