ಲಕ್ವದ ನಂತರ ಬಿಗಿದ ಮುಷ್ಟಿ: ಆಪರೇಷನ್ ಮಾಡಿಸಿದವರು ಇದ್ದೀರಾ?

ಹೊಸನಗರದಿಂದ ಪ್ರಶ್ನೆ: ಅಮ್ಮನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಎಡ ಮೊಣಕೈ ಮಡಚಿಕೊಂಡಿದೆ, ಮುಷ್ಟಿ ಬಿಡಿಸಲು ಬರುವುದಿಲ್ಲ. ಉಗುರು ಅಂಗೈಗೆ ಚುಚ್ಚಿ ಹುಣ್ಣಾಗಿದೆ. ಈ ಮಳೆಯಲ್ಲಂತೂ ಅಂಗೈ ಒಣಗುವುದೇ ಇಲ್ಲ. ಆಪರೇಷನ್ ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿಯಿಂದ: ನಮ್ಮ ಮಾವನವರಿಗೆ ಮಣಿಪಾಲದಲ್ಲಿ ಮಾಡಿಸಿದೆವು. ಏನು ಬೇಕು ಅಂತ ನೀವು ಮೊದಲೇ ತೀರ್ಮಾನಿಸಿಕೊಳ್ಳಿ. ಅಮ್ಮ ಬೆರಳನ್ನು ತಾವೇ ಸ್ವಲ್ಪ ಅಲುಗಿಸುತ್ತಾರಾ? ಹಾಗಿದ್ದರೆ ಬಿಗಿದ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಉದ್ದ ಮಾಡಿ ಹಿಡಿತ ಸುಧಾರಿಸಲು ನೋಡುತ್ತಾರೆ. ಏನೂ ಅಲುಗದಿದ್ದರೆ ಉದ್ದೇಶವೇ ಬೇರೆ. ಅಂಗೈ ತೊಳೆಯಬೇಕು, ಉಗುರು ತೆಗೆಯಬೇಕು, ರವಿಕೆ ತೋಳು ಏರಿಸಬೇಕು, ನೋವು ಇಳಿಯಬೇಕು. ಮಾವನವರದ್ದು ಈ ಎರಡನೆಯದು. ಬೆರಳು ಮಡಚಲು ಎರಡು ಪದರ ಟೆಂಡನ್ ಇರುತ್ತವೆ. ಎರಡನ್ನೂ ಬೇರೆ ಬೇರೆ ಕಡೆ ಕತ್ತರಿಸಿ, ಒಂದರ ತುದಿಗೆ ಇನ್ನೊಂದನ್ನು ಹೊಲಿದು ಉದ್ದ ಮಾಡಿದರು. ಕೆಲವು ವಾರ ಪಟ್ಟಿ, ಆಮೇಲೆ ಕೈಗೆ ಆಸರೆ ಕೊಡುವ ಸ್ಪ್ಲಿಂಟ್. ಅವರ ಕೈ ಈಗಲೂ ಲೋಟ ಹಿಡಿಯುವುದಿಲ್ಲ. ಆದರೆ ಅತ್ತೆ ದಿನಾ ಅಂಗೈ ತೊಳೆದು ಒರೆಸುತ್ತಾರೆ, ಹುಣ್ಣು ಮತ್ತೆ ಆಗಿಲ್ಲ. ನಮ್ಮ ಮನೆಗೆ ಅದೇ ದೊಡ್ಡದು.

ಮುಂಚೆ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಿದ್ದರು. ಆಗ ಕೈ ಸಡಿಲವಾದರೆ ಅದು ಮೆದುಳಿನ ಪೆಟ್ಟಿನಿಂದ ಬಂದ ಬಿಗಿತ. ಆಗಲೂ ಬಿಡದಿದ್ದರೆ ಸ್ನಾಯುವೇ ಕುಗ್ಗಿದೆ ಅಂತ. ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಮೊದಲನೆಯದಕ್ಕೆ ಮಾತ್ರ ಉಪಯೋಗ, ಅದೂ ಸುಮಾರು 3 ತಿಂಗಳು. ಈ ಪರೀಕ್ಷೆಯ ಬಗ್ಗೆ ಕೇಳದೆ ಆಪರೇಷನ್‌ಗೆ ಒಪ್ಪಬೇಡಿ.

ಶಿವಮೊಗ್ಗದಿಂದ, ಫಿಸಿಯೋಥೆರಪಿಸ್ಟ್: ಲಕ್ವವಾಗಿ ಕನಿಷ್ಠ 6 ತಿಂಗಳು ಸಾಮಾನ್ಯವಾಗಿ ಕಾಯುತ್ತಾರೆ, ಕೈ ತಾನಾಗಿ ಎಷ್ಟು ಚೇತರಿಸುತ್ತದೆ ನೋಡಬೇಕಲ್ವಾ? ನಿಮ್ಮ ಅಮ್ಮನಿಗೆ ಆ ಸಮಯ ದಾಟಿದೆ. ಹುಣ್ಣು ಮೊದಲು ವಾಸಿಯಾಗಲಿ. ಬೆರಳನ್ನು ನೇರವಾಗಿ ಎಳೆಯಬೇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಮೆಲ್ಲಗೆ ಬಾಗಿಸಿ, ಆಮೇಲೆ ಬೆರಳು ಬಿಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಸರ್ಜನ್‌ಗೆ ತಿಳಿಸಿ. ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಮೊದಲು ತೋರಿಸಿ, ಎಲ್ಲಿಗೆ ಹೋಗಬೇಕು ಅಂತ ಅಲ್ಲಿ ಕೇಳಬಹುದು.

ಹೊಸನಗರದಿಂದ: ಮಣಿಕಟ್ಟು ಬಾಗಿಸಿ ನೋಡಿದೆ, ಹತ್ತಿ ಇಡುವಷ್ಟು ಬಿಟ್ಟಿತು! ಅಮ್ಮ ಕಿರುಚಲೂ ಇಲ್ಲ. ಮೊಣಕೈಯನ್ನೂ ಒಟ್ಟಿಗೇ ಮಾಡುತ್ತಾರಾ?

ತೀರ್ಥಹಳ್ಳಿಯಿಂದ: ಎಷ್ಟೋ ಜನರಿಗೆ ಒಂದೇ ಸಲ ಮಾಡುತ್ತಾರೆ. ಮಾವನವರಿಗೂ ಹಾಗೇ ಆಯಿತು. ಅಮ್ಮನ ಬಿಪಿ, ಶುಗರ್, ಹೃದಯ ನೋಡಿ ಹೇಳುತ್ತಾರೆ, ಆ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ಹೋಗಿ.